ಕೋಲಾರದ ಚಿನ್ನಕ್ಕೆ ಕಾವಲು

ದರೋಡೆಯ ಕಥೆ ಹೇಳುವ ಸಿನಿಮಾಗಳಿಗೆ ಎಲ್ಲ ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ಅಚ್ಚು. ಜೂಜಿನ ಅಡ್ಡೆಯೋ ಬ್ಯಾಂಕಿನ ನೆಲಮಾಳಿಗೆಯೋ ಇರಬೇಕು. ಸುತ್ತ ಬಿಗಿಯಾದ ಕಾವಲಿರಬೇಕು. ವೇಷ ಮರೆಸಿಕೊಂಡ ನಾಲ್ಕಾರು ಚತುರರು ಒಂದೇ ರಾತ್ರಿಯಲ್ಲಿ ಒಳಹೊಕ್ಕು ಕೋಟಿಗಟ್ಟಲೆ ಹೊತ್ತು ಹೊರಬರಬೇಕು. ಪ್ರಶಾಂತ್ ನೀಲ್ ನಿರ್ದೇಶಿಸಿ 2018ರ ಡಿಸೆಂಬರಿನಲ್ಲಿ ತೆರೆಕಂಡ 'ಕೆ.ಜಿ.ಎಫ್: ಚಾಪ್ಟರ್ 1' ಕೂಡ ಈ ಅಚ್ಚಿಗೆ ತೀರ ದೂರದ್ದಲ್ಲ. ಅದರ ನಾಯಕ ಕೂಲಿಯಾಳುಗಳ ನಡುವೆ ಅವರಲ್ಲೊಬ್ಬನಂತೆ ಸೇರಿಕೊಂಡು ಚಿನ್ನದ ಗಣಿಯನ್ನು ಹೊಗುತ್ತಾನೆ. 2022ರಲ್ಲಿ ಬಂದ ಎರಡನೆಯ ಭಾಗದ ನಂತರವಂತೂ ಕೋಲಾರ ಎಲ್ಲಿದೆಯೆಂದು ತಿಳಿಯದ ಉತ್ತರ ಭಾರತದವರ ಬಾಯಲ್ಲೂ ಕೆ.ಜಿ.ಎಫ್. ಎಂಬ ಹೆಸರು ಓಡಾಡತೊಡಗಿತು.

ಆ ಚಿತ್ರದ ನರಾಚಿ ಗಣಿ ಕಲ್ಪಿತ. ಆದರೆ ಚಿತ್ರೀಕರಣಕ್ಕಾಗಿ ಸೆಟ್ಟು ಹಾಕಿದ ಸೈನೈಡ್ ದಿಬ್ಬ ನಿಜವಾದದ್ದು. ಆ ದಿಬ್ಬವನ್ನು ಎಬ್ಬಿಸಿದ ಗಣಿಗಳು ನೂರಿಪ್ಪತ್ತು ವರ್ಷ ನಡೆದು ಸುಮಾರು 800 ಟನ್ ಚಿನ್ನ ಕೊಟ್ಟವು. ಅಷ್ಟು ಚಿನ್ನ ಹೊರಬಂದ ಜಾಗದಲ್ಲಿ ಕಳವು ನಡೆಯುತ್ತಿರಲಿಲ್ಲವೇ? ನಡೆಯುತ್ತಿತ್ತು. ಆದರೆ ಅದು ಸಿನಿಮಾದ ಕಳವಿನಂತೆ ಇರಲಿಲ್ಲ. ಅಲ್ಲಿ ಕದಿಯುತ್ತಿದ್ದುದು ಚಿಟಿಕೆಯಷ್ಟು. ಆ ಚಿಟಿಕೆಯನ್ನು ತಡೆಯಲು ಕಟ್ಟಿದ ಕಾವಲು ಮಾತ್ರ ಬಹಳ ದೊಡ್ಡದು. ಅದರ ಭಾರವನ್ನು ಕದ್ದವನ ಜೊತೆಗೆ ಕದಿಯದವನೂ ಹೊರಬೇಕಾಯಿತು. ಗಣಿಯ ಇತಿಹಾಸದಲ್ಲಿ ನಾವು ಗಮನಿಸಬೇಕಾದ ಸಂಗತಿ ಇದು.

ಮೊದಲು ಅದು ಕಳವಾಗಿರಲಿಲ್ಲ

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಮೈಸೂರು ರಾಜ್ಯದ ಗಡಿಗಳನ್ನು ಗುರುತಿಸುವ ಮೋಜಣಿ ಆರಂಭವಾಯಿತು. ಪೂರ್ವದ ಗಡಿಯಲ್ಲಿ ಈ ಕೆಲಸದ ಮೇಲಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿಯ ಕಿವಿಗೆ ಊರಿಗಾಂ, ಮಾರಿಕುಪ್ಪಂ ಕಡೆಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಸುದ್ದಿ ಬಿತ್ತು. 1802ರಲ್ಲಿ ಆತ ಬಹುಮಾನ ಸಾರಿದಾಗ ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತುಂಬಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿ ಗಂಡಸರು ಕಿರಿದಾದ ಗುಂಡಿಗಳಿಗೆ ಇಳಿದು ಕಲ್ಲು ಅಗೆದು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಮೇಲಕ್ಕೆ ಸಾಗಿಸುವುದನ್ನೂ ಹೆಂಗಸರು ಅದನ್ನು ಕುಟ್ಟಿ ನೀರಿನಲ್ಲಿ ತೊಳೆಯುವುದನ್ನೂ ಆತ ಕಂಡ.

ಅಂದರೆ ಬಂಡೆ ಕುಟ್ಟಿ ಚಿನ್ನ ತೆಗೆಯುವ ಕೈಚಳಕ ಈ ಸೀಮೆಗೆ ಹೊಸದಾಗಿರಲಿಲ್ಲ. ಬದಲಾದದ್ದು ಆ ಬಂಡೆಯ ಒಡೆತನ. ನ್ಯೂಜಿಲೆಂಡಿನ ಯುದ್ಧದಲ್ಲಿ ಪಾಲ್ಗೊಂಡು ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ಸೈನಿಕ 1873ರಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಹಕ್ಕು ಪಡೆದ. ಬೆಂಗಳೂರಿನ ಲವೆಲ್ ರಸ್ತೆ ಇವನ ಹೆಸರಿನದೇ. ಅವನ ಹಕ್ಕು ಕೈಯಿಂದ ಕೈಗೆ ದಾಟಿ, 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಗಣಿಗಳ ಆಡಳಿತಕ್ಕೆ ಬಂತು. ಮೊದಲ ಕೆಲವು ವರ್ಷ ಹಣ ಹಾಕಿದವರಿಗೆ ನಷ್ಟವೇ. ಕ್ಯಾಪ್ಟನ್ ಪ್ಲಮರ್ ಎಂಬಾತ ಹಳೆಯ ಗುಂಡಿಗಳ ಜಾಡು ಹಿಡಿದು ಆಳಕ್ಕೆ ಹೋಗಿ, ಮುಂದೆ ಚಾಂಪಿಯನ್ ರೀಫ್ ಎಂದು ಪ್ರಸಿದ್ಧವಾದ ಸಿರಿವಂತ ಬೆಣಚುಕಲ್ಲಿನ ಪದರವನ್ನು ಮುಟ್ಟಿದ ಮೇಲೆ ಗಣಿಗಳ ಅದೃಷ್ಟ ಖುಲಾಯಿಸಿತು. ಹಿಂದಿನವರು ಅಗೆದು ಬಿಟ್ಟ ಗುಂಡಿಗಳೇ ಕಂಪನಿಗೆ ದಾರಿ ತೋರಿದವು. ಆದರೆ ಹಿಂದಿನವರು ಮಾಡುತ್ತಿದ್ದ ಕೆಲಸವನ್ನೇ ಇನ್ನು ಮುಂದೆ ಯಾರಾದರೂ ಸ್ವಂತಕ್ಕೆ ಮಾಡಿದರೆ ಅದು ಕಳವು.

1894ರಲ್ಲಿ ಗಣಿಗಳಿಗೆ ಕವಲು ರೈಲುಮಾರ್ಗ ಬಂತು. ಬೆಂಗಳೂರು–ಜೋಲಾರಪೇಟೆ ಮಾರ್ಗದಿಂದ ಅದು ಒಡೆಯುವ ನಿಲ್ದಾಣವೇ ಬಂಗಾರಪೇಟೆ. ಚಿನ್ನದ ಊರಿನ ಹೆಬ್ಬಾಗಿಲಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಇಲ್ಲವೆಂದು ಹೊಸಬರಿಗೆ ಅನ್ನಿಸುತ್ತದೆ. ಆದರೆ ಹೆಸರಿನ ಮೂಲ ಬಂಗಾರವಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರ ನೆನಪಿಗೆ ಇಟ್ಟ ಬೌರಿಂಗ್‌ಪೇಟೆಯೇ ಜನರ ನಾಲಿಗೆಯ ಮೇಲೆ ಬಂಗಾರಪೇಟೆಯಾಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗಳಿಗೆ ವಿದ್ಯುತ್ತು ತಂದರು. 1905ರ ಸುಮಾರಿಗೆ ಉತ್ಪಾದನೆ ವರ್ಷಕ್ಕೆ ಆರು ಲಕ್ಷ ಔನ್ಸ್ ಮೀರಿ ತುತ್ತತುದಿ ಮುಟ್ಟಿತು. ಆ ಚಿನ್ನದ ಮೌಲ್ಯದಲ್ಲಿ ನೂರಕ್ಕೆ ಐದರಷ್ಟು ರಾಜಧನ ಮೈಸೂರು ಸರ್ಕಾರಕ್ಕೆ ಸಲ್ಲುತ್ತಿತ್ತು. ಲಾಭಾಂಶ ಹೋಗುತ್ತಿದ್ದುದು ಲಂಡನ್ನಿನ ಷೇರುದಾರರಿಗೆ.

ಬಂಡೆಯಿಂದ ಗಟ್ಟಿಯವರೆಗೆ

ಕಳವು ಎಲ್ಲಿ, ಹೇಗೆ ಸಾಧ್ಯವಿತ್ತು ಎಂಬುದನ್ನು ತಿಳಿಯಲು ಚಿನ್ನ ತಯಾರಾಗುತ್ತಿದ್ದ ಬಗೆಯನ್ನು ಸ್ವಲ್ಪ ನೋಡಬೇಕು. ನೆಲದಡಿಯಿಂದ ಬಂದ ಬೆಣಚುಕಲ್ಲನ್ನು ಸ್ಟ್ಯಾಂಪ್ ಮಿಲ್ಲಿನಲ್ಲಿ ಹಾಕುತ್ತಿದ್ದರು. ಸಾಲಾಗಿ ನಿಲ್ಲಿಸಿದ ಭಾರವಾದ ಉಕ್ಕಿನ ಒನಕೆಗಳು ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತಿದ್ದವು. ನೀರಿನೊಡನೆ ಕೆಸರಾದ ಆ ಪುಡಿ ಪಾದರಸ ಬಳಿದ ತಾಮ್ರದ ತಗಡುಗಳ ಮೇಲೆ ಹರಿಯುತ್ತಿತ್ತು. ಚಿನ್ನಕ್ಕೂ ಪಾದರಸಕ್ಕೂ ಬಲು ನಂಟು. ಚಿನ್ನದ ಕಣಗಳು ತಗಡಿಗೆ ಅಂಟಿಕೊಂಡರೆ ಉಳಿದ ಕೆಸರು ಮುಂದೆ ಹೋಗುತ್ತಿತ್ತು. ತಗಡಿನ ಮೇಲೆ ಬೆಣ್ಣೆಯಂತೆ ಕಟ್ಟಿದ ಮಿಶ್ರಣವನ್ನು ಕೆರೆದು, ಹಿಂಡಿ, ಕಾಯಿಸಿದರೆ ಪಾದರಸ ಆವಿಯಾಗಿ ಸ್ಪಂಜಿನಂಥ ಚಿನ್ನ ಉಳಿಯುತ್ತಿತ್ತು. ಅದನ್ನು ಕರಗಿಸಿ ಗಟ್ಟಿಗಳನ್ನು ಎರಕ ಹೊಯ್ಯುತ್ತಿದ್ದರು. ಮುಂದೆ ಹೋದ ಕೆಸರಿನಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಿದ್ದರು. ಅದೂ ಆದಮೇಲೆ ಉಳಿದ ಬೂದುಬಣ್ಣದ ಪುಡಿಯೇ ಇಂದಿನ ಸೈನೈಡ್ ದಿಬ್ಬಗಳು.

ಈಗ ಒಂದು ಲೆಕ್ಕ ಹಾಕೋಣ. ಗಣಿಯ ಒಳ್ಳೆಯ ದಿನಗಳಲ್ಲಿ ಒಂದು ಟನ್ ಕಲ್ಲಿಗೆ ಸರಾಸರಿ ಸಿಗುತ್ತಿದ್ದುದು ಹೆಚ್ಚುಕಡಿಮೆ ಒಂದು ಔನ್ಸ್, ಅಂದರೆ 31 ಗ್ರಾಂ ಚಿನ್ನ. ಒಬ್ಬ ಕೂಲಿ ಹತ್ತು ಕಿಲೋ ತೂಕದ ಸಾಮಾನ್ಯ ಕಲ್ಲನ್ನು ಹೇಗೋ ಹೊತ್ತು ತಂದರೂ ಅದರಲ್ಲಿರುವುದು ಗ್ರಾಮಿನ ಮೂರನೆಯ ಒಂದು ಪಾಲು. ಆದ್ದರಿಂದ ನೆಲದಡಿಯಲ್ಲಿ ಕಳವಿಗೆ ಅರ್ಥ ಬರುತ್ತಿದ್ದುದು ಬರಿಗಣ್ಣಿಗೆ ಚಿನ್ನ ಕಾಣುವ ಅಪರೂಪದ ಚೂರುಗಳಲ್ಲಿ ಮಾತ್ರ. ಮಿಲ್ಲಿನ ಮಾತೇ ಬೇರೆ. ಪಾದರಸದ ಮಿಶ್ರಣದಲ್ಲಿ ಸುಮಾರು ಮೂರನೆಯ ಒಂದು ಭಾಗ ಚಿನ್ನವೇ. ಅಡಿಕೆ ಗಾತ್ರದ ಒಂದು ಉಂಡೆಯಲ್ಲಿ ಅರ್ಧ ಟನ್ನಿಗೂ ಮೀರಿದ ಕಲ್ಲಿನ ಚಿನ್ನ ಅಡಗಿರುತ್ತದೆ. ಅದನ್ನು ಬಿಡಿಸಲು ದೊಡ್ಡ ಯಂತ್ರ ಬೇಕಿಲ್ಲ. ಅಕ್ಕಸಾಲಿಯ ಕುಲುಮೆ ಸಾಕು.

ಕಂಪನಿಗೂ ಈ ಲೆಕ್ಕ ಗೊತ್ತಿತ್ತು. ಆದ್ದರಿಂದ ಕಾವಲು ಹೆಜ್ಜೆ ಹೆಜ್ಜೆಗೂ ಬಿಗಿಯಾಗುತ್ತ ಹೋಗುತ್ತಿತ್ತು. ಪಾಳಿ ಮುಗಿಸಿ ಮೇಲೆ ಬಂದ ಕಾರ್ಮಿಕರನ್ನು ಮೈ ತಡವಿ ಶೋಧಿಸಿ ಹೊರಗೆ ಬಿಡುತ್ತಿದ್ದರು. ಮಿಲ್ಲಿಗೆ, ಚಿನ್ನ ಕರಗಿಸುವ ಕೋಣೆಗೆ ಬೇರೆ ಬೇರೆ ಬೀಗ, ಬೇರೆ ಬೇರೆ ಪಹರೆ. ಕಂಪನಿಯ ಸ್ವಂತ ಕಾವಲು ಪಡೆಯ ಜೊತೆಗೆ ಸರ್ಕಾರದ ಪೊಲೀಸರು. ಗಣಿ ಪ್ರದೇಶವನ್ನೇ ಒಂದು ಪ್ರತ್ಯೇಕ ಪೊಲೀಸ್ ಜಿಲ್ಲೆಯಾಗಿ ಇಟ್ಟಿದ್ದರು. ಸ್ವಾತಂತ್ರ್ಯ ಬಂದು ದಶಕಗಳು ಕಳೆದರೂ ಆ ಏರ್ಪಾಡು ಮುಂದುವರಿಯಿತು.

ನೀನು ಕಳ್ಳನಲ್ಲವೆಂದು ತೋರಿಸು

ಬೀಗ, ಪಹರೆಗಳಿಗಿಂತ ಹೆಚ್ಚು ದೂರ ಹೋದದ್ದು ಕಾಯಿದೆ. ಸಾಮಾನ್ಯ ನ್ಯಾಯದ ಕ್ರಮದಲ್ಲಿ ಒಬ್ಬನು ಕದ್ದನೆಂದು ಆರೋಪ ಹೊರಿಸುವವರೇ ಅದನ್ನು ಸಾಬೀತುಪಡಿಸಬೇಕು. ಆದರೆ ಚಿನ್ನಕ್ಕೆ ಗುರುತಿಲ್ಲ. ಒಮ್ಮೆ ಕರಗಿಸಿದರೆ ಅದು ಚಾಂಪಿಯನ್ ಗಣಿಯದೋ ಅಜ್ಜಿಯ ಓಲೆಯದೋ ಹೇಳಲಾಗದು. ಹಾಗಾಗಿ ಗಣಿ ಮಾಲೀಕರ ಒತ್ತಾಯಕ್ಕೆ ಮೈಸೂರು ಸರ್ಕಾರ ವಿಶೇಷ ಕಾನೂನು ತಂದಿತು. 1906ರ ಮೈಸೂರು ಗಣಿ ಕಾಯಿದೆ ಇವುಗಳಲ್ಲಿ ಮುಖ್ಯವಾದದ್ದು. ಅದಿರು, ಪಾದರಸದ ಮಿಶ್ರಣ, ಸ್ಪಂಜು ಚಿನ್ನದಂಥ ಗಣಿಯ ಪದಾರ್ಥ ಯಾರ ಬಳಿಯಾದರೂ ಸಿಕ್ಕರೆ, ಅದು ತನಗೆ ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಅವನದೇ ಎಂಬುದು ಇದರ ತಿರುಳು. ತೋರಿಸಲಾಗದಿದ್ದರೆ ಶಿಕ್ಷೆ.

ಇದು ಕೋಲಾರದಲ್ಲಿ ಮಾತ್ರ ಹುಟ್ಟಿದ ಯೋಚನೆಯಲ್ಲ. ದಕ್ಷಿಣ ಆಫ್ರಿಕದ ಕಿಂಬರ್ಲಿ ವಜ್ರದ ಗಣಿಗಳಿಗಾಗಿ 1882ರಲ್ಲಿ ಇಂಥದೇ ಕಾನೂನು ಬಂದಿತ್ತು. ಅಲ್ಲಿ ಕರಿಯ ಕಾರ್ಮಿಕರನ್ನು ಒಪ್ಪಂದದ ಅವಧಿ ಮುಗಿಯುವತನಕ ಬೇಲಿಯೊಳಗಿನ ಬಿಡಾರದಲ್ಲೇ ಕೂಡಿಹಾಕುವ ಪದ್ಧತಿಯೂ ಬೆಳೆಯಿತು. ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿಯಲ್ಲಿ ಚಿನ್ನದ ಕಳವು ಪತ್ತೆಗೆಂದೇ 1907ರಲ್ಲಿ ಒಂದು ವಿಶೇಷ ಪೊಲೀಸ್ ದಳ ಕಟ್ಟಿದರು. 1926ರಲ್ಲಿ ಆ ದಳದ ವಾಲ್ಷ್ ಮತ್ತು ಪಿಟ್‌ಮನ್ ಎಂಬ ಇಬ್ಬರು ಅಧಿಕಾರಿಗಳನ್ನು ಚಿನ್ನಗಳ್ಳರು ಕೊಂದುಹಾಕಿದರು. ಚಿನ್ನವಿದ್ದಲ್ಲಿ ಕಳ್ಳತನವೂ ಇದೆ, ಕೆಲವೊಮ್ಮೆ ಕೊಲೆಯೂ ಇದೆ. ಆದ್ದರಿಂದ ಕಂಪನಿಯ ಆತಂಕಕ್ಕೆ ಕಾರಣವೇ ಇರಲಿಲ್ಲವೆಂದು ಹೇಳುವಂತಿಲ್ಲ.

ಆದರೆ ಈ ಕಾಯಿದೆಯ ನೆರಳು ಬಿದ್ದದ್ದು ಯಾರ ಮೇಲೆ? ಕೋಲಾರದ ನೆಲದಡಿಯಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಉತ್ತರ ಆರ್ಕಾಟು ಮುಂತಾದ ತಮಿಳು ಜಿಲ್ಲೆಗಳಿಂದ, ಚಿತ್ತೂರಿನ ಕಡೆಯಿಂದ ಬಂದವರು; ಹೆಚ್ಚಿನವರು ಆದಿದ್ರಾವಿಡರು. ಊರ ಜಮೀನ್ದಾರನ ಜೀತ, ಬರ, ಅಸ್ಪೃಶ್ಯತೆಗಳಿಂದ ಬಿಡಿಸಿಕೊಂಡು ಕೂಲಿಯೆಂದು ಕೈಗೆ ನಾಲ್ಕು ಕಾಸು ಕಾಣಲು ಬಂದವರು. ಅವರ ಮನೆಯೆಂದರೆ ಕಂಪನಿಯ ಲೈನು. ಹಾಗಾಗಿ ಶೋಧ ಗಣಿಯ ಬಾಗಿಲಿಗೇ ನಿಲ್ಲಬೇಕಿರಲಿಲ್ಲ. ಸಂಶಯ ಬಂದರೆ ಅದು ಒಲೆಯ ಬುಡಕ್ಕೂ ಬರಬಹುದಾಗಿತ್ತು. ಒಬ್ಬ ಕದ್ದರೆ ಇಡೀ ಲೈನೇ ಕಳ್ಳರ ಕೇರಿ ಎಂಬ ಮಾತಾಗುತ್ತಿತ್ತು.

ಹತ್ತು ಬೆರಳು

ಈ ಸಂಶಯದ ವಿರುದ್ಧ ಕಾರ್ಮಿಕರು ಒಟ್ಟಾಗಿ ನಿಂತ ಸಂದರ್ಭ 1930ರಲ್ಲಿ ಬಂತು. ಎಲ್ಲ ಗಣಿಗಳ ಕಾರ್ಮಿಕರನ್ನೂ ಬೆರಳಚ್ಚು ತೆಗೆದು ನೋಂದಾಯಿಸಬೇಕೆಂದು ಆಡಳಿತ ಹೊರಟಿತು. ಅಷ್ಟು ದೊಡ್ಡ ಜನಸಂದಣಿಯಲ್ಲಿ ಒಂದು ಗಣಿಯಿಂದ ತೆಗೆದುಹಾಕಿದವನು ಹೆಸರು ಬದಲಿಸಿಕೊಂಡು ಪಕ್ಕದ ಗಣಿ ಸೇರುವುದು ಕಷ್ಟವಾಗಿರಲಿಲ್ಲ. ಕೋಲಾರದಲ್ಲಿ ನಿಜವಾಗಿ ಇದ್ದ ವೇಷಪಲ್ಲಟವೆಂದರೆ ಇಷ್ಟೇ: ಮುನಿಸ್ವಾಮಿ ಚಿನ್ನಸ್ವಾಮಿಯಾಗುವುದು. ಕಳವಿನ ಸಂಶಯದಿಂದ ಕೆಲಸ ಹೋದವನೂ, ಮೇಸ್ತ್ರಿಯೊಡನೆ ಜಗಳವಾಡಿ ಬಿಟ್ಟವನೂ, ಸಾಲಗಾರನಿಂದ ತಪ್ಪಿಸಿಕೊಂಡವನೂ ಇದನ್ನೇ ಮಾಡಬಹುದಾಗಿತ್ತು. ಹೆಸರು ಬದಲಾಗುತ್ತದೆ, ಬೆರಳಿನ ಗೆರೆ ಬದಲಾಗುವುದಿಲ್ಲ.

ಬೆರಳಚ್ಚಿನ ವಿದ್ಯೆ ಬೆಳೆದದ್ದೂ ನಮ್ಮ ದೇಶದಲ್ಲೇ. ಎಡ್ವರ್ಡ್ ಹೆನ್ರಿಯ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ಅಧಿಕಾರಿಗಳು ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮ ರೂಪಿಸಿದರು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ತೆರೆಯಿತು. ಅದರ ಮುಖ್ಯ ಉದ್ದೇಶ ಅಪರಾಧಿಗಳ ದಾಖಲೆ ಇಡುವುದು. ಆದ್ದರಿಂದ ಜನರ ಮನಸ್ಸಿನಲ್ಲಿ ಬೆರಳಚ್ಚು ಎಂದರೆ ಜೈಲು, ಕೈದಿ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುವುದು ಬೇರೆ. ಪೊಲೀಸ್ ಠಾಣೆಯ ರೀತಿಯಲ್ಲಿ ಬೆರಳು ಬೆರಳಿಗೂ ಮಸಿ ಬಳಿಸಿಕೊಳ್ಳುವುದು ಬೇರೆ. ಗಣಿಯ ಕಾರ್ಮಿಕರು ಇದನ್ನು ಒಪ್ಪಲಿಲ್ಲ. ಕೆಲಸ ನಿಲ್ಲಿಸಿದರು. ಎರಡು ವಾರಕ್ಕೂ ಮೇಲ್ಪಟ್ಟು ನಡೆದ ಆ ಮುಷ್ಕರ ಗಣಿಗಳ ಇತಿಹಾಸದ ಮೊದಲ ದೊಡ್ಡ ಮುಷ್ಕರಗಳಲ್ಲೊಂದು. ಅದು ನಡೆದದ್ದು ಕೂಲಿ ಹೆಚ್ಚಿಸಿ ಎಂಬ ಬೇಡಿಕೆಗಲ್ಲ, ನಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸಬೇಡಿ ಎಂಬುದಕ್ಕೆ. ಕಾರ್ಮಿಕ ಚರಿತ್ರೆಯಲ್ಲಿ ಹಣಕ್ಕಿಂತ ಮಾನ ಮುಂದೆ ಬಂದ ಇಂಥ ಸಂದರ್ಭಗಳು ಹೆಚ್ಚಿಲ್ಲ.

ಶೋಧಕ್ಕೆ ಸಿಗದ ಲೆಕ್ಕ

ಕಾರ್ಮಿಕ ಹೊರಗೆ ಏನು ಒಯ್ಯುತ್ತಾನೆಂದು ನೋಡಲು ಇಷ್ಟೆಲ್ಲ ವ್ಯವಸ್ಥೆಯಿತ್ತು. ಆದರೆ ಅವನು ದಿನವೂ ತಪ್ಪದೆ ಹೊರಗೆ ಒಯ್ಯುತ್ತಿದ್ದ ಒಂದು ವಸ್ತುವನ್ನು ಬಹುಕಾಲ ಯಾರೂ ಲೆಕ್ಕಕ್ಕಿಡಲಿಲ್ಲ. ಅದು ಬೆಣಚುಕಲ್ಲಿನ ಧೂಳು. ಕಲ್ಲು ಕೊರೆಯುವಾಗ, ಸಿಡಿಸುವಾಗ ಏಳುವ ನಯವಾದ ಧೂಳು ಶ್ವಾಸಕೋಶದಲ್ಲಿ ಕುಳಿತು ಅದನ್ನು ಗಟ್ಟಿಯಾಗಿಸುತ್ತದೆ. ಇದೇ ಸಿಲಿಕೋಸಿಸ್. 1940ರ ದಶಕದಲ್ಲಿ ಗಣಿಯಲ್ಲಿ ನಡೆದ ವೈದ್ಯಕೀಯ ಸಮೀಕ್ಷೆಯಲ್ಲಿ, ಪರೀಕ್ಷೆಗೊಳಪಟ್ಟ ಸಾವಿರಾರು ಕಾರ್ಮಿಕರ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂತು. ಗಣಿ ಆಳವಾದಂತೆ ಬೇರೆ ಅಪಾಯಗಳೂ ಸೇರಿಕೊಂಡವು. ಮೂರು ಕಿಲೋಮೀಟರ್ ಕೆಳಗೆ ಬಂಡೆಯ ಶಾಖವೇ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮೇಲಿನ ಭಾರಕ್ಕೆ ಬಂಡೆ ತಾನಾಗಿ ಸಿಡಿದು ಸುರಂಗಗಳು ಕುಸಿಯುತ್ತಿದ್ದವು.

ಕಳವು ಮಾಡಿದವನನ್ನು ಇದರಿಂದ ಸಮರ್ಥಿಸಿದಂತಾಗುವುದಿಲ್ಲ. ಆದರೆ ಒಂದು ಪಾತ್ರೆಗೆ ತೂಕದ ಬಟ್ಟನ್ನು ಗುಲಗಂಜಿಯಷ್ಟೂ ತಪ್ಪದೆ ಇಟ್ಟವರು ಇನ್ನೊಂದು ಪಾತ್ರೆಯನ್ನು ತೂಗಲೇ ಇಲ್ಲ ಎಂಬುದನ್ನು ಹೇಳದೆ ಈ ಚರಿತ್ರೆ ಪೂರ್ತಿಯಾಗದು.

ಸರ್ಕಾರದ ಕೈಗೆ

1956ರ ನವೆಂಬರಿನಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಸಂಸ್ಥೆಯಾಯಿತು. ಇಷ್ಟರಲ್ಲಿ ಚಿನ್ನದ ಮೇಲಿನ ಸಂಶಯ ಗಣಿಯ ಬೇಲಿ ದಾಟಿ ದೇಶಕ್ಕೆಲ್ಲ ಹಬ್ಬಿತ್ತು. ವಿದೇಶದಿಂದ ಕಳ್ಳ ಚಿನ್ನ ಬರುವುದನ್ನು ತಡೆಯಲೆಂದು 1962ರ ಕಸ್ಟಮ್ಸ್ ಕಾಯಿದೆಯಲ್ಲಿ, ಹಿಡಿದ ಚಿನ್ನ ಕಳ್ಳಸಾಗಣೆಯದಲ್ಲವೆಂದು ತೋರಿಸುವ ಹೊಣೆಯನ್ನು ಹಿಡಿಸಿಕೊಂಡವನ ಮೇಲೆ ಹಾಕಿದರು. 1963ರ ಜನವರಿಯಲ್ಲಿ ಆಗಿನ ಅರ್ಥಸಚಿವ ಮೊರಾರ್ಜಿ ದೇಸಾಯಿ ಚಿನ್ನದ ನಿಯಂತ್ರಣ ನಿಯಮಗಳನ್ನು ತಂದು, ಹೊಸ ಒಡವೆ 14 ಕ್ಯಾರೆಟ್ ಮೀರಬಾರದೆಂದರು. ದೇಶದ ಅಕ್ಕಸಾಲಿಗಳು ಬೀದಿಗೆ ಬಿದ್ದರು. ನಂತರದ ಚಿನ್ನ ನಿಯಂತ್ರಣ ಕಾಯಿದೆ 1968ರಿಂದ 1990ರವರೆಗೆ ಜಾರಿಯಲ್ಲಿತ್ತು. ಕಾರಣಗಳು ಬೇರೆಯಾದರೂ, ಕೋಲಾರದ ಲೈನುಗಳ ಜನಕ್ಕೆ ಎಂದಿನಿಂದಲೋ ಪರಿಚಿತವಾಗಿದ್ದ ಪ್ರಶ್ನೆ—ಈ ಚಿನ್ನ ನಿನಗೆ ಎಲ್ಲಿಂದ ಬಂತು?—ಈಗ ಊರೂರಿನ ಅಕ್ಕಸಾಲಿಯ ಅಂಗಡಿಯಲ್ಲೂ ಕೇಳಿಸತೊಡಗಿತು.

ಗಣಿಗಳ ಗತಿ ಮಾತ್ರ ಇಳಿಮುಖವಾಗಿತ್ತು. ಆಳ ಹೆಚ್ಚಿತು, ಟನ್ ಕಲ್ಲಿಗೆ ಸಿಗುವ ಚಿನ್ನ ಕೆಲವೇ ಗ್ರಾಮಿಗೆ ಇಳಿಯಿತು, ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಕುಟುಂಬಗಳು ಒಂದೇ ದಿನ ಕೆಲಸ ಕಳೆದುಕೊಂಡವು. ಕಂಪನಿಯ ಮನೆಗಳಲ್ಲೇ ಉಳಿದ ಅವರ ಮಕ್ಕಳು ನಸುಕಿನಲ್ಲೆದ್ದು ಮಾರಿಕುಪ್ಪಂನಿಂದ ರೈಲು ಹಿಡಿದು ಬಂಗಾರಪೇಟೆ ದಾಟಿ ಬೆಂಗಳೂರಿಗೆ ಕೂಲಿಗೋ ಕಾರ್ಖಾನೆಗೋ ಹೋಗುವುದು ರೂಢಿಯಾಯಿತು.

ಕೊನೆಯ ಕಳವು

ಕಾವಲು ಸಡಿಲವಾದ ಮೇಲೆ, ಪಾಳುಬಿದ್ದ ಗಣಿಗಳಿಗೆ ಕಬ್ಬಿಣ, ತಾಮ್ರದ ಚೂರು ಪಾರು, ಉಳಿದ ಅದಿರು ಸಿಕ್ಕೀತೆಂದು ಇಳಿಯುವವರು ಹುಟ್ಟಿಕೊಂಡರು. 2020ರ ಮೇ ತಿಂಗಳು, ಕೊರೋನಾ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿದ್ದ ಸಮಯ. ಮಾರಿಕುಪ್ಪದ ಬಳಿಯ ಮುಚ್ಚಿದ ಗಣಿಯೊಂದಕ್ಕೆ ರಾತ್ರಿ ಒಂದು ಗುಂಪು ಕಳವಿಗೆಂದು ಇಳಿಯಿತು. ಗಾಳಿಯಾಡದ ಸುರಂಗದಲ್ಲಿ ಮೂವರು ಪ್ರಾಣ ಬಿಟ್ಟರು. ಶವಗಳನ್ನು ಮೇಲೆ ತರಲು ರಕ್ಷಣಾ ಸಿಬ್ಬಂದಿ ಹರಸಾಹಸ ಪಡಬೇಕಾಯಿತು. ಸಿನಿಮಾದ ಮೊದಲ ಭಾಗ ದೇಶದಾದ್ಯಂತ ಹಣ ಬಾಚಿದ ನಂತರದ ಮಾತು ಇದು. ಅದೇ ಊರು, ಅದೇ ಕತ್ತಲೆ, ಆದರೆ ಇಲ್ಲಿ ನಾಯಕನೂ ಇಲ್ಲ, ಚಿನ್ನವೂ ಇಲ್ಲ.

ಇನ್ನು ಉಳಿದಿರುವುದು ಸೈನೈಡ್ ದಿಬ್ಬಗಳು. ಸುಮಾರು 3.3 ಕೋಟಿ ಟನ್ ಪುಡಿ ಅಲ್ಲಿ ಗುಡ್ಡೆಯಾಗಿ ಬಿದ್ದಿದೆ. ಅದರಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಇದ್ದರೂ, ಇಂದಿನ ಬೆಲೆಯಲ್ಲಿ ಅದನ್ನು ತೆಗೆಯುವುದು ಲಾಭದಾಯಕವೆಂಬ ಲೆಕ್ಕಾಚಾರ ನಡೆದಿದೆ. 2024ರ ಜೂನಿನಲ್ಲಿ ಕರ್ನಾಟಕದ ಸಚಿವ ಸಂಪುಟ 13 ದಿಬ್ಬಗಳಲ್ಲಿ ಇಂಥ ಗಣಿಗಾರಿಕೆಗೆ ಒಪ್ಪಿಗೆ ಕೊಟ್ಟಿತು. ಕಂಪನಿಯ ಕೈಯಿಂದಲೇ ಜಾರಿ ದಿಬ್ಬ ಸೇರಿದ ಚಿನ್ನ ಅದು. ಅದನ್ನು ಪುಸ್ತಕಗಳಲ್ಲಿ ನಷ್ಟವೆಂದು ಬರೆದರು; ಕೂಲಿಯ ಕೈಯಿಂದ ಜಾರಿದ್ದನ್ನು ಅಪರಾಧವೆಂದು ಬರೆದರು.

ದಿಬ್ಬಗಳ ಕೆಲಸ ಆರಂಭವಾದಾಗ ಅಲ್ಲಿಗೆ ಮತ್ತೆ ಬೇಲಿ ಬರುತ್ತದೆ, ಪಹರೆ ಬರುತ್ತದೆ, ಬರಲೂಬೇಕು. ಆಗ ಬೇಲಿಯ ಒಳಗೆ ದುಡಿಯುವ ಕೆಲಸ ಗಣಿಯ ಮಕ್ಕಳಿಗೂ ಸಿಗುವುದೇ, ಅಥವಾ ಅವರು ಬೇಲಿಯ ಹೊರಗೆ ನಿಂತು ಸಂಶಯಕ್ಕೆ ಮಾತ್ರ ಪಾತ್ರರಾಗುವರೇ ಎಂಬುದನ್ನು ಈಗಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. 1930ರಲ್ಲಿ ಅವರ ಹಿರಿಯರು ಕೆಲಸ ನಿಲ್ಲಿಸಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.